ಹುಣಸೆ ಬೀಜದ ಲೆಕ್ಕ

ಚಿಂಚಪೋಕಳಿ ಸ್ಟೇಷನ್ನಿಗಿಳಿದು ಎಡಕ್ಕೆ,
ಖೀಮ್‌ಜಿಯ ಅಂಗಡಿಯಿದ್ದಲ್ಲಿ ಈಗ
ಮೊಬೈಲಿಗೆ ಗಾಜು ಅಂಟಿಸುತ್ತಾರೆ.
"ಏನು ಬೇಕು ಅಂಕಲ್?" ಎಂದ ಹುಡುಗ.
ಎರಡು ಕಿಲೋ ಕುಚ್ಚಲಕ್ಕಿ, ಖಾತೆಗೆ ಬರೆದುಕೋ
ಅನ್ನಲೆ?

ಖೀಮ್‌ಜಿ ಬರೆಯುತ್ತಿದ್ದುದು ಗುಜರಾತಿಯಲ್ಲಿ.
ಅಮ್ಮನಿಗೆ ಯಾವ ಲಿಪಿಯೂ ಬಾರದು.
ರೂಪಾಯಿಗೊಂದು ಹುಣಸೆ ಬೀಜ
ಹಾರ್ಲಿಕ್ಸ್ ಬಾಟಲಿಗೆ ಹಾಕುವಳು.
ಪಗಾರದ ದಿನ ಎದುರುಬದುರು ಕೂತು ಎಣಿಸಿದರೆ
ಎರಡು ಲೆಕ್ಕವೂ ಒಂದೇ.
ಒಮ್ಮೆ ಮಾತ್ರ ಬೀಜ ಹೆಚ್ಚು, ಬರಹ ಕಮ್ಮಿ.
ಅವನು ತನ್ನ ಪುಸ್ತಕವನ್ನೇ ತಿದ್ದಿಕೊಂಡ.

ಪಕ್ಕದ ಪಡುಬಿದ್ರಿ ಲಂಚ್ ಹೋಮಿನಲ್ಲಿ
ಸಾಂಬಾರಿಗೆ ಲೆಕ್ಕವೇ ಇರಲಿಲ್ಲ.
ಒಂದು ಇಡ್ಲಿಗೆ ಮೂರು ಸಲ ಸುರಿದು
ದೂಮಣ್ಣ ಗಲ್ಲೆಯ ಕಡೆ ಕಣ್ಣು ಹೊರಳಿಸುವನು:
"ಬೇಗ ಕುಡಿ ಮಾರಾಯ, ಧಣಿ ಈಚೆ ತಿರುಗುವುದರೊಳಗೆ."

ಆಮೇಲೆ ಮಿಲ್ಲಿನ ಸಂಪು.
ಭೋಂಗಾ ಕೂಗದ ಬೆಳಗುಗಳು.
ಮೊದಲು ಹೋದದ್ದು ಲಂಚ್ ಹೋಮಿನ ಬೆಂಚುಗಳು,
ಕೈಗಾಡಿಯಲ್ಲಿ, ಕಾಲು ಮೇಲೆ ಮಾಡಿಕೊಂಡು.
ಖೀಮ್‌ಜಿ ಕೊಡುತ್ತಲೇ ಇದ್ದ.
ಬಾಟಲಿ ತುಂಬಿ
ಡಾಲ್ಡಾ ಡಬ್ಬಿಗೆ ಬಂತು ಸಾಲ.
ಒಂದು ದಿನ ಅವನ ಶಟರಿಗೂ ಬೀಗ.
ಕಚ್ಛಿಗೆ ಹೋದನಂತೆ. ಮಗಳ ಮನೆಗಂತೆ.
ಸತ್ತನಂತೆ.

ಡಬ್ಬಿ ನನ್ನಲ್ಲಿದೆ.
ಮೊಮ್ಮಗಳು ಚೆನ್ನೆಮಣೆ ಆಡಲು ಸುರಿದುಕೊಂಡಾಗ
ಗದರಿ, ಬಾಚಿ, ಎಣಿಸಿದೆ:
ಇನ್ನೂರ ಹದಿನೇಳು.
ಅದರಲ್ಲೊಂದು ನನ್ನದು.
ಯಾವುದೆಂದು ಗೊತ್ತಿಲ್ಲ.
ಬೆಲ್ಲದ ಚೂರೊಂದನ್ನು ನನ್ನ ಅಂಗೈಗಿಟ್ಟು
"ಇದು ಪುಕ್ಕಟೆ" ಅಂದಿದ್ದ ಅವನು.
ಅಮ್ಮ ಚಾಳಿಗೆ ಬಂದು, ಚಪ್ಪಲಿ ಬಿಡುವ ಮೊದಲೇ
ಅದಕ್ಕೂ ಒಂದು ಬೀಜ ಹಾಕಿದ್ದಳು.