ಗಂಟು

ಮೈಂದರ್ಗಿಯ ಮಹಾನಂದಾ ಕೋರಳ್ಳಿಗೆ
ಇದು ಎರಡನೆಯ ಸಲ.
ಹೋದ ತಿಂಗಳು ಸೂಜಿ ತಂದದ್ದು ಬರೀ ರಕ್ತ.
‘ಸಾಲದು’ ಎಂದು ಬರೆದವನು ನಾನೇ,
ಕೆಳಗಿನ ಸಹಿ ಮಾತ್ರ ಬೇರೆಯವರದು.

ಸೋಲಾಪುರದ ಈ ದವಾಖಾನೆಯಲ್ಲಿ
ಅರ್ಜಿ ಮರಾಠಿ, ವರದಿ ಇಂಗ್ಲಿಷು,
ನೋವು ಕನ್ನಡ.
ಚೀಟಿಯಲ್ಲಿ ಸ್ವಾದುಪಿಂಡ ಅಂತಿದೆ,
ಯಾರೋ ರುಚಿ ನೋಡಿ ಉಂಡೆ ಕಟ್ಟಿದ ಹಾಗೆ.
ಮೇದೋಜೀರಕ, ಎಂದು ಬಿಡಿಸಿ ಹೇಳಿದೆ.
‘ಜೀರಿಗಿ ಏನ್ರಿ?’
ಅಲ್ಲವ್ವಾ, ಹೊಟ್ಟಿ ಹಿಂದ, ಬೆನ್ನಿನ ಮುಂದ.
‘ಹಾಂ. ಅಲ್ಲೇ ನೋಡ್ರಿ. ಅಲ್ಲೇ.’

ನಲವತ್ತು ವರ್ಷ ಕೌದಿ ಹೊಲಿದ ಕೈ.
ಸೂಜಿ ತೋರಸ್ರಿ ಅಂತ ಹಟ ಹಿಡಿದಳು.
ಡಾಕ್ಟರ್ ಘೋಂಗಡೆ ನಕ್ಕು ಹೊಸದನ್ನು ದೀಪಕ್ಕೆ ಹಿಡಿದರು.
ತುದಿಯಲ್ಲಿ ಮೂರು ಹಲ್ಲು.
‘ಇದು ಸೂಜಿ ಅಲ್ರಿ, ಇಲಿ.’
ಹೌದು, ಕಚ್ಚಿಕೊಂಡು ಬರಲೆಂದೇ.
ಹಳೆಯದು ಹೀರುತ್ತಿತ್ತು, ಇದು ಕೊಯ್ಯುತ್ತದೆ.
‘ಎಷ್ಟ್ರಿ ಇದಕ್ಕ?’
ಯಾರೂ ಹೇಳಲಿಲ್ಲ. ಇಪ್ಪತ್ತು ಕೌದಿಯ ಕೂಲಿ.

ಆಮೇಲೆ ನಿದ್ದೆಯ ಔಷಧ.
ಬಾಯಿಂದ ಇಳಿದ ಕೊಳವೆ
ಹೊಟ್ಟೆಯ ಗೋಡೆಗೆ ಕಿವಿ ಹಚ್ಚಿ ನಿಂತಿತು.
ಪರದೆಯ ಮೇಲೆ ಬೂದಿ, ಬೂದಿಯೊಳಗೊಂದು ಕಪ್ಪು,
ಪಕ್ಕದಲ್ಲೇ ಮಿಡಿಯುವ ರಕ್ತನಾಳ.
ನಡುವೆ ಉಳಿದ ದಾರಿ
ಜೋಳದ ಎಲೆಯ ಅಂಚಿನಷ್ಟು.

ಮೊದಲ ಸಲ ಜಗ್ಗಿದರು.
ಮೂಲೆಯಲ್ಲಿ ನನ್ನ ಸೂಕ್ಷ್ಮದರ್ಶಕ, ನೀಲಿ ಬಣ್ಣದ ಬಾಟಲಿ.
ಗಾಜು ಒರೆಸಿ, ಬಣ್ಣ ಹಾಕಿ, ಕಣ್ಣಿಟ್ಟೆ.
ರಕ್ತ, ಸರ್.

ಎರಡನೆಯ ಸಲ ಒಂದೇ ತೂತಿನಿಂದ
ಬೀಸಣಿಗೆ ಬಿಚ್ಚಿದ ಹಾಗೆ
ಆ ಕಪ್ಪಿನ ನಾಲ್ಕು ಮೂಲೆಗೂ ಹೋಗಿ ಬಂದರು.
ದಾರಿಯ ಜಠರದ ಚೂರು, ಸರ್. ಗಡ್ಡೆಯದಲ್ಲ.

ಮೂರನೆಯದಕ್ಕೆ ಜಗ್ಗಲಿಲ್ಲ.
ಸೂಜಿಯೊಳಗಿನ ತಂತಿಯನ್ನು ಸಿಸ್ಟರ್ ಸುಗಲಾ
ಹಿಂದಕ್ಕೆ ಎಳೆದಳು,
ನಿದ್ದೆ ಹೋದ ಕೂಸಿನ ಮುಷ್ಟಿಯಿಂದ
ಕತ್ತರಿ ಬಿಡಿಸಿಕೊಳ್ಳುವಷ್ಟು ಮೆಲ್ಲಗೆ.
ಏಸಿಯ ಸದ್ದು ಮಾತ್ರ ಕೇಳುತ್ತಿತ್ತು.

ಗಾಜಿನ ಮೇಲೆ ಬಿದ್ದದ್ದು
ಒಂದು ಬಿಳಿ ಎಳೆ,
ಕಿರುಬೆರಳ ಉಗುರಿನಷ್ಟು.

ಸಿಕ್ತು! ಅಂತ ಕೂಗಿದೆ.
ನಾಚಿಕೆಯಿಲ್ಲದೆ, ಲಾಟರಿ ಹತ್ತಿದವನಂತೆ.
ಘೋಂಗಡೆ ಭುಜ ಇಳಿಸಿದರು, ಸುಗಲಾ ನಕ್ಕಳು.
ಎಳೆಯನ್ನು ಗಾಜಿಗೆ ಒಮ್ಮೆ ಮೆಲ್ಲಗೆ ಮುಟ್ಟಿಸಿ
ಆ ಗುರುತಿಗೆ ಬಣ್ಣ ಹಾಕಿ ಬಗ್ಗಿದೆ.

ಸಿಕ್ಕದ್ದು ಏನೆಂದು
ಆಗ ಕಂಡಿತು.

ಸಾಲು ಮರೆತ ಕೋಶಗಳು,
ಒಂದರ ಮೇಲೊಂದು ಏರಿ
ಹೊಟ್ಟೆ ಬಿರಿಯ ನೀಲಿ ಕುಡಿದವು.
ಮಾದರಿ ಸಾಕು, ಸರ್, ಅಂದೆ.
ಈ ಸಲ ಮೆಲ್ಲಗೆ.

ಮಧ್ಯಾಹ್ನ ಕಣ್ಣು ಬಿಟ್ಟಳು.
‘ಸಿಕ್ಕಿತೇನ್ರಿ?’
ಸಿಕ್ಕಿತವ್ವಾ. ಮತ್ತ ಚುಚ್ಚೂದಿಲ್ಲ.
ಅಷ್ಟು ಹೇಳಲು ಮಾತ್ರ ನನಗೆ ಪರವಾನಗಿ.
ಉಳಿದದ್ದು ಶುಕ್ರವಾರ, ಇಂಗ್ಲಿಷಿನಲ್ಲಿ.

ನಾನು ಕುಪ್ಪಿಗೆ ಅವಳ ಹೆಸರಿನ ಚೀಟಿ ಅಂಟಿಸುತ್ತಿದ್ದೆ.
ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟು,
ಹೊಲಿಗೆ ಮುಗಿದ ಮೂಲೆಯನ್ನು ತಡವಿ ನೋಡುವವಳಂತೆ,
ಕೇಳಿದಳು:
‘ಕಡೀಕ ಗಂಟು ಹಾಕೀರಿಲ್ಲೋ?’