ಕಚ್ಚು

ಹಮದಾನಿನಲ್ಲಿ ಹಿಮ ಬಿದ್ದ ದಿನ ಗಡಿಯಾರಗಳು ನಿಧಾನ.
ಎಣ್ಣೆ ಮಂದವಾಗುತ್ತದೆ, ಗಿರಾಕಿಗಳೂ.
ಅಂಗಡಿಯ ಬಾಗಿಲು ಅರ್ಧ ಎಳೆದು,
ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು,
ರಿಪೇರಿಗೆ ಬಂದ ಕೈಗಡಿಯಾರಗಳ ಕೆಳಗಿನ ಖಾನೆಯಿಂದ
ಅವನನ್ನು ಹೊರಗೆ ತೆಗೆಯುತ್ತೇನೆ.

ಹೆಬ್ಬೆರಳ ಉಗುರಿನಷ್ಟು ಬೆಳ್ಳಿ.
ಅದರೊಳಗೊಬ್ಬ ಅರಸ, ಮೊಣಕಾಲು ಮಡಿಸಿ,
ಕೈಯಲ್ಲಿ ಬಿಲ್ಲು, ಬೆನ್ನಿಗೆ ಬತ್ತಳಿಕೆ,
ಎರಡೂವರೆ ಸಾವಿರ ವರ್ಷದಿಂದ ಓಡುತ್ತಿದ್ದಾನೆ,
ಇನ್ನೂ ಅಂಚು ಮುಟ್ಟಿಲ್ಲ.
ಹೆಸರು ಬರೆದಿಲ್ಲ.
ಅಪ್ಪನೋ, ಮಗನೋ, ಮೊಮ್ಮಗನೋ,
ಅಚ್ಚು ಕೊರೆದವನಿಗೆ ಗೊತ್ತಿತ್ತು, ಅಷ್ಟು ಸಾಕಿತ್ತು.
ಹಿಂಬದಿಗೆ ಚಿತ್ರವೇ ಇಲ್ಲ,
ಏಟು ತಿಂದ ಒಂದು ಉದ್ದನೆಯ ಗುಳಿ.

ನಮ್ಮ ಅಕ್ಕಸಾಲಿಗರು ಈಗಲೂ ಕಡಲೆಕಾಳಿನ ಲೆಕ್ಕದಲ್ಲಿ ತೂಗುವವರು.
ಇಪ್ಪತ್ತೆಂಟೂವರೆ ಕಾಳು. ತೂಕ ಸರಿ.
ತೂಕ ಸರಿಯಿದ್ದರೆ ಏನಾಯಿತು,
ಕಳ್ಳನ ಮನೆಯಲ್ಲೂ ತಕ್ಕಡಿ ಇರುತ್ತದೆ,
ಅನ್ನುತ್ತಿದ್ದ ಹಲ್ಲು ಕಟ್ಟುವ ಎಸ್ಹಾಕ್,
ನನಗೆ ಈ ಚಟ ಹಚ್ಚಿದವನು,
ಒಂದು ಸೈಕಲ್ಲಿನ ಬೆಲೆಗೆ ಇದನ್ನು ಕೊಟ್ಟವನು.

ಅರಸನ ಭುಜದ ಮೇಲೊಂದು ಕಚ್ಚು.
ಯಾವ ಸಂತೆಯ ಯಾವ ಎಣ್ಣೆ ವ್ಯಾಪಾರಿಯೋ
ಮೇಲಿನ ಮುಖ ನಂಬದೆ
ಉಳಿ ಇಟ್ಟು ಹೊಡೆದಿದ್ದಾನೆ,
ಒಳಗೆ ತಾಮ್ರ ಇದೆಯೋ ನೋಡೇಬಿಡೋಣ ಅಂತ.
ಇರಲಿಲ್ಲ. ಒಳಗೂ ಬೆಳ್ಳಿಯೇ.
ಉಳಿದವರು ಈ ಗಾಯಕ್ಕೆ ಬೆಲೆ ಇಳಿಸುತ್ತಾರೆ,
ನಾನು ಅದಕ್ಕೇ ಕೊಂಡೆ.
ಒಡಕು ಮಡಕೆಗೆ ದುಪ್ಪಟ್ಟು ಕೊಡುವ ಗಂಡ,
ಎಂದು ಮಹ್‌ಲಗಾ ತನ್ನ ಅಕ್ಕತಂಗಿಯರಿಗೆಲ್ಲ ಹೇಳಿದಳು.

ಮೊನ್ನೆ ಗುರುವಾರ ನಹಾವಂದ್ ಕಡೆಯ ಹುಡುಗನೊಬ್ಬ ಬಂದ.
ಬೂಟಿನ ಹಿಮ ಹೊಸ್ತಿಲಲ್ಲೇ ಒದರಿ,
ಬಸ್ಸಿನ ಟಿಕೇಟಿನಲ್ಲಿ ಸುತ್ತಿದ್ದನ್ನು ಬಿಚ್ಚಿ,
ಹೊಲ ಉಳುವಾಗ ಸಿಕ್ಕಿತು ಅಂದ.
ಎಲ್ಲರೂ ಹಾಗೇ ಅನ್ನುತ್ತಾರೆ.
ಚಹಾ ಬಗ್ಗಿಸಿ ಕೊಟ್ಟೆ.
ಹಲ್ಲಿನ ನಡುವೆ ಸಕ್ಕರೆ ತುಂಡು ಕಚ್ಚಿ ಹೀರುತ್ತ ಕೂತ.
ನಾನು ಎರಡನ್ನೂ ಪಕ್ಕಪಕ್ಕ ಇಟ್ಟೆ.

ಅರಸ ಒಂದೇ. ಇರಲಿ,
ಒಂದು ಅಚ್ಚಿಗೆ ಸಾವಿರ ಮಕ್ಕಳು.
ಗುಳಿ ಒಂದೇ. ಇರಲಿ,
ಅಂದುಕೊಂಡೆ, ಅಷ್ಟು ಸಲೀಸಾಗಿ ಅಲ್ಲ.
ಆಮೇಲೆ ಭುಜ.
ಅದೇ ಕಚ್ಚು. ಅದೇ ಓರೆ.
ಕೊನೆಯಲ್ಲಿ ಉಳಿ ಜಾರಿದ ಕೂದಲೆಳೆಯ ಗೀರು,
ಅದೂ ಅದೇ.

ಅರಸರು ಒಬ್ಬರ ಹಾಗೆ ಒಬ್ಬರು ಇರಬಹುದು.
ಅಚ್ಚು ಇರುವುದೇ ಅದಕ್ಕೆ.
ಆದರೆ ಇಬ್ಬರ ಅನುಮಾನ
ಒಂದೇ ಕಡೆ, ಒಂದೇ ಆಳಕ್ಕೆ,
ಅದೇ ಕೈ ನಡುಕದೊಂದಿಗೆ ಇಳಿಯುವುದುಂಟೇ?

ಹುಡುಗನದ್ದರಲ್ಲಿ ಸೂಜಿಮೊನೆಯ ತೂತುಗಳು ಕಂಡವು,
ಎರಕದ ಬೆಳ್ಳಿ ಉಸಿರು ಬಿಟ್ಟ ಗುರುತು.
ನಕಲಿಯೇ, ಅಂದ.
ಹೌದು, ಅಂದೆ.
ಅವನು ಬೆರಳು ತೋರಿಸಿದ: ನಿಮ್ಮದು?
ಹತ್ತೊಂಬತ್ತು ವರ್ಷ ನೋಡಿದ ಮುಖವನ್ನು
ಮೊದಲ ಸಲ ಬೆಳಕಿಗೆ ಓರೆಯಾಗಿ ಹಿಡಿದೆ.
ಬಿಲ್ಲಿನ ತುದಿಯ ಬಳಿ ಒಂದು.
ಗಡ್ಡದ ನೆರಳಲ್ಲಿ ಎರಡು.

ಉಳಿ ನನ್ನ ಹತ್ತಿರವೂ ಇದೆ. ಪ್ರಯೋಜನವಿಲ್ಲ.
ಎಷ್ಟು ಆಳ ಇಳಿದರೂ ಸಿಗುವುದು ಬೆಳ್ಳಿಯೇ,
ಎಸ್ಹಾಕ್ ಲೋಹದಲ್ಲಿ ಮೋಸ ಮಾಡುವವನಲ್ಲ.
ಮೇಣದಲ್ಲಿ ಪಡಿಯಚ್ಚು ಒತ್ತಿ,
ಬಿಸಿ ಆರುವತನಕ ಶಿಳ್ಳೆ ಹಾಕುತ್ತ ಕೂರುತ್ತಿದ್ದ ಮನುಷ್ಯ.
ಅಸಲಿ ಎಲ್ಲಿಟ್ಟನೋ. ಅವನಿಗೆ ಸಿಕ್ಕಿದ್ದೇ ಇದೋ.
ಯಾರನ್ನು ಕೇಳಲಿ, ಅವನು ಹೋಗಿ ಆರು ಚಳಿಗಾಲ.

ಹುಡುಗ ತನ್ನದನ್ನು ಟಿಕೇಟಿನಲ್ಲಿ ಸುತ್ತಿ ಎದ್ದ.
ಬಸ್ಸು ನಾಲ್ಕಕ್ಕೆ, ದಾರಿ ಮುಚ್ಚಬಹುದು.
ನಾನೂ ಒಂದು ಸಕ್ಕರೆ ತುಂಡು ಬಾಯಿಗಿಟ್ಟು
ಎಡದವಡೆಯಲ್ಲಿ ಕಚ್ಚಿದೆ.
ಅಲ್ಲೊಂದು ಬೆಳ್ಳಿಹಲ್ಲು, ಎಸ್ಹಾಕನೇ ಕೂರಿಸಿದ್ದು.
ಬಾದಾಮಿ, ಒಣರೊಟ್ಟಿ, ಎಲುಬು
ಎಲ್ಲ ಅದರಲ್ಲೇ ಅಗಿದಿದ್ದೇನೆ.
ಒಮ್ಮೆಯೂ ಅಲುಗಿಲ್ಲ.