ಸದರಿ ವಿದ್ಯಾರ್ಥಿ

ಬೆಳಿಗ್ಗೆ ಏಳೂಕಾಲಿಗೆ ಪ್ರಿನ್ಸಿಪಾಲರ ಫೋನು:
"ಕನ್ನಡದಲ್ಲೊಂದು ಪ್ರಕಟಣೆ ಬೇಕು ಮೇಡಂ,
ನಾಲ್ಕೇ ಸಾಲು. ಗಟ್ಟಿಯಾಗಿರಲಿ."
ನಾನು ಅರೆಕಾಲಿಕ ಉಪನ್ಯಾಸಕಿ, ಮೂರು ತಿಂಗಳ ಸಂಬಳ ಬಾಕಿ.
ಗಟ್ಟಿ ಮಾತುಗಳನ್ನೆಲ್ಲ ನನ್ನಿಂದಲೇ ಬರೆಸುತ್ತಾರೆ.

ರಾತ್ರಿ ಇನ್ಬರಾಜನನ್ನು ಪೊಲೀಸರು ಹಿಡಿದಿದ್ದರು.
ಸೆಮಿಫೈನಲ್ ಗೆದ್ದ ಅಮಲು,
ಮ್ಯಾಗ್ರಾತ್ ರಸ್ತೆಯ ಪಾರ್ಕಿಂಗಿನಲ್ಲಿ
ಬೈಕು ನಿಲ್ಲಿಸುವುದಕ್ಕೊಂದು ಮಾತು, ಮಾತಿಗೆ ಹೆಲ್ಮೆಟ್ಟು,
ಹೆಲ್ಮೆಟ್ಟಿಗೆ ಯಾರೋ ವಾಚ್‌ಮನ್ನಿನ ದವಡೆ.

ಒಂಬತ್ತಕ್ಕೆ ಮೀಟಿಂಗು. ಮಾರಿ ಬಿಸ್ಕತ್ತು, ಬೈ ಟೂ ಕಾಫಿ.
ಟ್ರಸ್ಟಿನ ಅಧ್ಯಕ್ಷರು ಕೇಳಿದ್ದು ಒಂದೇ:
"ಎಲ್ಲಿ ಆಡ್ತಾನೆ ಅವನು?"
"ಲೆಫ್ಟ್ ಬ್ಯಾಕು ಸಾರ್," ಅಂದರು ಕೋಚ್ ಅಂತೋಣಿಸ್ವಾಮಿ,
"ಅದೂ ಈಚೆಗೆ."
ಯಾರೋ ಉಸಿರು ಬಿಟ್ಟದ್ದು ಕೇಳಿಸಿತು.
ಲೆಫ್ಟ್ ಬ್ಯಾಕು ಇನ್ನೊಬ್ಬ ಸಿಗುತ್ತಾನೆ.

ಹೋದ ವರ್ಷ, ಹನ್ನೊಂದು ಗೋಲಿನ ನಿಹಾಂತ
ಇಂದಿರಾನಗರದಲ್ಲಿ ಕಾರನ್ನು ಫುಟ್‌ಪಾತಿಗೆ ಹತ್ತಿಸಿದ್ದ.
ಅಲ್ಲಿ ಹೂ ಕಟ್ಟುತ್ತಾ ಕೂತಿದ್ದವಳ ಕಾಲಿತ್ತು.
ಆಗ ಪ್ರಕಟಣೆ ಬೇಕಾಗಲಿಲ್ಲ, ವಕೀಲರು ಬೇಕಾದರು.
"ನಮ್ಮ ಹುಡುಗ" ಎಂದು ಅಧ್ಯಕ್ಷರೇ ಠಾಣೆಗೆ ಹೋದರು,
ಊಟದ ಹೊತ್ತಿಗೆ ಜಾಮೀನು.
ಶನಿವಾರ ಅವನು ಪೆನಾಲ್ಟಿ ಹೊಡೆದಾಗ
ಗ್ಯಾಲರಿಯೆಲ್ಲ ಎದ್ದು ನಿಂತು ಕೂಗಿತು.
ನಾನೂ ಎದ್ದಿದ್ದೆ.

ಬರೆಯಲು ಕೂತೆ.
"ನಮ್ಮ ಆಟಗಾರ" ಎಂದೆ. ಗೀಟು ಎಳೆದರು.
"ನಮ್ಮ ವಿದ್ಯಾರ್ಥಿ" ಎಂದೆ. ನಮ್ಮ ಬೇಡ ಮೇಡಂ.
"ವಿದ್ಯಾರ್ಥಿಯೊಬ್ಬ."
ಸದರಿ ಅಂತ ಸೇರಿಸಿ, ಕಾನೂನಿಗೆ ಸರಿಯಾಗತ್ತೆ.
ಸದರಿ.
ಮೂರೇ ಅಕ್ಷರ. ಗೌತಮಪುರದ ಸಂದಿಯ ಹುಡುಗನೊಬ್ಬ
ಕಾಗದದ ಮೇಲೇ ಗಡೀಪಾರಾಗಿದ್ದ.

ಮನೆಯಲ್ಲಿ ತಮಿಳು ಅವನಿಗೆ. ವಿಭಕ್ತಿ ಬಾಯಿಗೆ ಬರದೆ
ಹಿಂದಿನ ಬೆಂಚಿನಲ್ಲಿ ಬೆರಳು ಮಡಿಸಿ ಎಣಿಸುತ್ತಿದ್ದ:
ಉ, ಅನ್ನು, ಇಂದ, ಗೆ...
ಆರನೆಯದಕ್ಕೆ ಯಾವಾಗಲೂ ತಡವರಿಕೆ.
"ಷಷ್ಠೀ ಕಣೋ," ಅನ್ನುತ್ತಿದ್ದೆ, "ಸಂಬಂಧ ಹೇಳೋದು.
ರಾಮನ, ಊರಿನ, ನಮ್ಮ."
ಈಗ ಕೊನೆಯ ಸಾಲು ನಾನೇ ಬರೆದೆ:
*ಕಾಲೇಜಿಗೂ ಈ ಘಟನೆಗೂ ಯಾವುದೇ ಸಂಬಂಧವಿರುವುದಿಲ್ಲ.*
ಕಾಗುಣಿತ ತಪ್ಪಿಲ್ಲದೆ.

ಗೇಟಿನ ಫ್ಲೆಕ್ಸಿನಲ್ಲಿ ತಂಡದ ಫೋಟೋ.
ಅಟೆಂಡರ್ ಲೋಕನಾಥ ಏಣಿ ಹತ್ತಿ
ಅವನ ಮುಖಕ್ಕೆ ಬಿಳಿ ಕಾಗದ ಅಂಟಿಸಿದ, ಎದೆಯ ಮೂರನೇ ನಂಬರಿಗೂ.
ಗೋಲ್‌ಕೀಪರನ ಹೆಗಲ ಮೇಲೆ ಹಾಕಿದ್ದ ಕೈ ಮಾತ್ರ
ಅಲ್ಲೇ ಉಳಿಯಿತು.
"ಅದನ್ನ ಮುಚ್ಚಕ್ಕೋದ್ರೆ ಕೀಪರೂ ಹೋಗ್ತಾನೆ ಮೇಡಂ,"
ಅಂದು ಇಳಿದ.
ಅಂಗಳದಲ್ಲಿ ಫೈನಲಿಗೆ ಪ್ರಾಕ್ಟೀಸು.
ಪಿಯುಸಿ ಹುಡುಗನೊಬ್ಬ ದೊಗಳೆ ಮೂರನೇ ನಂಬರು ತೊಟ್ಟು
ತೋಳು ಮಡಚಿಕೊಳ್ಳುತ್ತಿದ್ದ.

ಪ್ರಕಟಣೆಯಲ್ಲಿ ಇಲ್ಲದ ಹೆಸರು ಇನ್ನೊಂದು.
ಅದನ್ನು ಹುಡುಕಿಕೊಂಡು ಸಂಜೆ ಬೌರಿಂಗ್ ಆಸ್ಪತ್ರೆಗೆ ಹೋದೆ.
ಹುಲಿಗೆಪ್ಪ, ಕುಷ್ಟಗಿ ಕಡೆಯವನು. ದವಡೆಗೆ ತಂತಿ ಬಿಗಿದಿದ್ದಾರೆ,
ಮಾತಿಲ್ಲ; ಕಣ್ಣು ಮಾತ್ರ ನನ್ನ ಚಪ್ಪಲಿಯಿಂದ ಮೇಲೆ ಏರಿ ಬಂದು
ಮತ್ತೆ ಫ್ಯಾನಿಗೆ ಹೋಯಿತು.
"ಕಾಲೇಜಿನವಳು," ಅಂದೆ. ಹೆಂಡತಿ ಎದ್ದು ನಿಂತಳು.
"ಆ ಹುಡುಗ ನಿಮ್ಮಾವನ ಏನ್ರಿ?"

ಬೆರಳು ತಾನಾಗಿ ಮಡಿಸಿಕೊಳ್ಳತೊಡಗಿತು.
"ಹೌದು," ಅಂದೆ, "ನಮ್ಮವನೇ."
ಅಳುತ್ತಾಳೆ, ಬೈಯುತ್ತಾಳೆ ಅಂದುಕೊಂಡಿದ್ದೆ.
ಅವಳು ಸೆರಗಿನ ಗಂಟು ಬಿಚ್ಚಿದಳು:
"ಹಂಗಾರ ಈ ಚೀಟಿ ತಗೋರಿ. ಪ್ಲೇಟು ಎರಡು, ಸ್ಕ್ರೂ ಆರು.
ಹೊರಗ ತರಬೇಕಂತ."

ಮೆಡಿಕಲ್ ಶಾಪಿನ ಮುಂದೆ ಸಾಲು ಉದ್ದ ಇತ್ತು.
ಪರ್ಸಿನಲ್ಲಿ ಎಷ್ಟಿದೆ ಎಂದು
ತೆಗೆದು ನೋಡದೆ ನಿಂತೆ.